‘ನಿಮಗೆ ಇದು ಸಾಕು’ ಎನ್ನದೆ ಕಡಿಮೆ ಬೆಲೆಯದನ್ನು ಸೂಚಿಸುವುದು ಹೇಗೆ?

ಅಂಗಡಿಗಳಲ್ಲಿ ಕೆಲಸ ಮಾಡುವವರೂ ಸ್ವಂತ ವ್ಯಾಪಾರ ನಡೆಸುವವರೂ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಗ್ರಾಹಕರು ತಮ್ಮ ಅಗತ್ಯಕ್ಕೆ ಮೀರಿದ ದುಬಾರಿ ವಸ್ತುವಿನ ಮುಂದೆ ನಿಂತಿರುತ್ತಾರೆ. ಪಕ್ಕದಲ್ಲಿರುವ ಕಡಿಮೆ ಬೆಲೆಯದು ಅವರ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ ಎಂಬುದು ಮಾರುವವರಿಗೆ ಗೊತ್ತಿರುತ್ತದೆ. ಆದರೆ ಅದನ್ನು ಹೇಳಹೊರಟರೆ, ‘ನಿಮ್ಮ ಕೈಯಲ್ಲಿ ಅಷ್ಟು ಹಣವಿಲ್ಲ’ ಎಂದಂತೆ ಕೇಳಿಸಿಬಿಡುವ ಭಯ. ಹಾಗಾದರೆ ಏನೆಂದು ಹೇಳಬೇಕು? ಈ ಕೆಲಸಕ್ಕೆ ಕನ್ನಡದಲ್ಲಿ ಒಂದು ಹೆಸರಿದೆಯೇ ಎಂದು ಕೇಳುವವರೂ ಇದ್ದಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಉತ್ತರಿಸುತ್ತ ಬಂದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕೆಳಗಿನ ಎಲ್ಲ ಹಂತಗಳ ಹಿಂದೆ ಇರುವುದು ಒಂದೇ ನಿಯಮ: ನಿಮ್ಮ ಮಾತು ಗ್ರಾಹಕರ ಕೆಲಸವನ್ನು ಮುಟ್ಟಲಿ, ಜೇಬನ್ನು ಮುಟ್ಟದಿರಲಿ.

ಹೆಸರಿನ ವಿಷಯವನ್ನು ಮೊದಲು ಮುಗಿಸಿಬಿಡೋಣ. ಗ್ರಾಹಕರನ್ನು ಹೆಚ್ಚು ಬೆಲೆಯ ವಸ್ತುವಿನತ್ತ ಒಲಿಸುವುದಕ್ಕೆ ವ್ಯಾಪಾರದಲ್ಲಿ ‘ಅಪ್‌ಸೆಲಿಂಗ್’ ಎನ್ನುತ್ತಾರೆ. ‘ಡೌನ್‌ಸೆಲಿಂಗ್’ ಎಂಬ ಮಾತೂ ಬಳಕೆಯಲ್ಲಿದೆ. ಆದರೆ ಅದರ ವಾಡಿಕೆಯ ಅರ್ಥ ಬೇರೆ. ಗ್ರಾಹಕರು ದುಬಾರಿಯದನ್ನು ಬೇಡವೆಂದ ಮೇಲೆ, ಅವರು ಬರಿಗೈಯಲ್ಲಿ ಹೊರಟುಹೋಗದಿರಲಿ ಎಂದು ಕಡಿಮೆ ಬೆಲೆಯದನ್ನು ಮುಂದಿಡುವುದು ಡೌನ್‌ಸೆಲಿಂಗ್. ಅಲ್ಲಿ ಮಾರುವವರು ಉಳಿಸಿಕೊಳ್ಳುತ್ತಿರುವುದು ವ್ಯಾಪಾರವನ್ನು. ದುಬಾರಿಯದನ್ನು ಕೊಳ್ಳಲು ಸಿದ್ಧರಾಗಿರುವವರಿಗೇ ‘ಇಷ್ಟು ಬೇಕಾಗಿಲ್ಲ’ ಎಂದು ತಾವಾಗಿ ಹೇಳುವುದು ಬೇರೆಯೇ ಕೆಲಸ. ಅದಕ್ಕೆ ‘ರೈಟ್‌ಸೈಜಿಂಗ್’, ಅಂದರೆ ಅಗತ್ಯದ ಅಳತೆಗೆ ಹೊಂದಿಸುವುದು, ಎಂಬ ಮಾತು ಹೆಚ್ಚು ಸಮೀಪದ್ದು. ಕನ್ನಡದಲ್ಲಿ ನಾನು ‘ತಕ್ಕ ಆಯ್ಕೆ ಸೂಚಿಸುವುದು’ ಎನ್ನುತ್ತೇನೆ. ‘ತಕ್ಕ’ ಎಂಬ ಪದದಲ್ಲಿ ಮೇಲು ಕೀಳಿನ ಸೂಚನೆಯಿಲ್ಲ, ಅಳತೆಯ ಸೂಚನೆ ಇದೆ. ಅದಕ್ಕಾಗಿಯೇ ಆ ಪದ ನನಗೆ ಇಷ್ಟ.

ಶುರು ಮಾಡುವ ಮುನ್ನ ಬೇಕಾದವು

ನೀವು ಮಾರುವ ಪ್ರತಿ ಬಗೆಯ ವಸ್ತುವಿನಲ್ಲೂ ಕನಿಷ್ಠ ಎರಡು ಮಾದರಿಗಳ ನಡುವಿನ ವ್ಯತ್ಯಾಸವನ್ನು, ತಯಾರಕರ ಜಾಹೀರಾತಿನ ಮಾತಿನ ನೆರವಿಲ್ಲದೆ, ನಿಮ್ಮದೇ ಎರಡು ವಾಕ್ಯಗಳಲ್ಲಿ ಹೇಳಲು ಬರಬೇಕು. ಇದಿಲ್ಲದಿದ್ದರೆ ಮುಂದಿನ ಯಾವ ಪದವೂ ಕೆಲಸಕ್ಕೆ ಬಾರದು, ಏಕೆಂದರೆ ಗ್ರಾಹಕರ ಮರುಪ್ರಶ್ನೆ ‘ಹಾಗಾದರೆ ಇದಕ್ಕೆ ಬೆಲೆ ಏಕೆ ಕಡಿಮೆ?’ ಎಂದೇ ಇರುತ್ತದೆ. ಇನ್ನೊಂದು, ನಿಮ್ಮ ಸಂಬಳದ ಲೆಕ್ಕ. ಮಾರಿದ ಬೆಲೆಯ ಮೇಲೆ ಶೇಕಡಾವಾರು ಕಮಿಷನ್ ಸಿಗುವಲ್ಲಿ, ಪ್ರತಿ ತಕ್ಕ ಸಲಹೆಯೂ ಸಿಬ್ಬಂದಿಯ ಜೇಬಿನಿಂದಲೇ ಹೋಗುತ್ತದೆ. ನೀವು ಮಾಲೀಕರಾಗಿದ್ದರೆ ಮೊದಲು ಆ ಲೆಕ್ಕವನ್ನು ಬದಲಿಸಿ, ಆಮೇಲೆ ಸಿಬ್ಬಂದಿಗೆ ಮಾತು ಕಲಿಸಿ.

ಹಂತ 1: ಬೆಲೆಗಿಂತ ಮೊದಲು ಬಳಕೆಯನ್ನು ಕೇಳಿ

‘ನಿಮ್ಮ ಬಜೆಟ್ ಎಷ್ಟು?’ ಎಂಬುದು ಬಹಳ ಮಂದಿ ಮಾರುವವರ ಮೊದಲ ಪ್ರಶ್ನೆ. ಅದನ್ನು ಮೊದಲಿಗೆ ಕೇಳಬೇಡಿ. ಒಮ್ಮೆ ಒಂದು ಸಂಖ್ಯೆ ಬಾಯಿಂದ ಹೊರಬಿದ್ದರೆ ಮುಂದಿನ ಮಾತೆಲ್ಲ ಅದರ ಸುತ್ತಲೇ ಸುತ್ತುತ್ತದೆ. ಇದನ್ನು ಮನಶ್ಶಾಸ್ತ್ರದಲ್ಲಿ ‘ಆಂಕರಿಂಗ್’ ಎನ್ನುತ್ತಾರೆ; ಹಡಗಿಗೆ ಲಂಗರು ಹಾಕಿದಂತೆ ಮನಸ್ಸು ಮೊದಲು ಕೇಳಿದ ಸಂಖ್ಯೆಗೆ ಕಟ್ಟುಬೀಳುವುದು ಎಂದರ್ಥ. ಮನಶ್ಶಾಸ್ತ್ರಜ್ಞರಾದ ಏಮೊಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಪ್ರಸಿದ್ಧ ನಿದರ್ಶನ. 10 ಅಥವಾ 65ರಲ್ಲಿ ಮಾತ್ರ ನಿಲ್ಲುವಂತೆ ಮಾಡಿದ್ದ ಚಕ್ರವನ್ನು ಜನರ ಮುಂದೆ ತಿರುಗಿಸಿ, ಆಮೇಲೆ ವಿಶ್ವಸಂಸ್ಥೆಯ ಸದಸ್ಯರಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಕೇಳಲಾಯಿತು. 10 ಕಂಡವರ ಉತ್ತರಗಳ ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಉತ್ತರ, 25; 65 ಕಂಡವರದು 45. ವಿಷಯಕ್ಕೆ ಯಾವ ಸಂಬಂಧವೂ ಇಲ್ಲದ ಸಂಖ್ಯೆಯೇ ಅಂದಾಜನ್ನು ಅಷ್ಟು ದೂರ ಎಳೆಯಿತೆಂದರೆ, ಗ್ರಾಹಕರು ತಾವೇ ಹೇಳಿದ ಬಜೆಟ್ ಅವರನ್ನು ಎಷ್ಟು ಗಟ್ಟಿಯಾಗಿ ಹಿಡಿದಿಡಬಹುದೆಂದು ಯೋಚಿಸಿ. ಅಷ್ಟನ್ನೂ ಖರ್ಚು ಮಾಡಲೇಬೇಕೆಂಬ ಭಾವನೆ ತಾನಾಗಿ ಹುಟ್ಟಿಕೊಳ್ಳುತ್ತದೆ.

ಬದಲಿಗೆ ಹೀಗೆ ಕೇಳಿ: ‘ಇದನ್ನು ಹೆಚ್ಚಾಗಿ ಯಾವ ಕೆಲಸಕ್ಕೆ ಬಳಸುತ್ತೀರಿ?’, ‘ವಾರಕ್ಕೆ ಎಷ್ಟು ಸಲ ಬೇಕಾಗಬಹುದು?’, ‘ಈಗ ಇರುವುದರಲ್ಲಿ ಏನು ತೊಂದರೆಯಾಗುತ್ತಿದೆ?’. ಮೂರನೆಯ ಪ್ರಶ್ನೆಯನ್ನು ಎಂದೂ ಬಿಡಬೇಡಿ. ಲ್ಯಾಪ್‌ಟಾಪ್ ನಿಧಾನವಾಗಿದೆ ಎನ್ನುವವರಿಗೆ ಕೆಲವೊಮ್ಮೆ ಹೊಸ ಲ್ಯಾಪ್‌ಟಾಪೇ ಬೇಕಾಗಿರುವುದಿಲ್ಲ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಸಮಸ್ಯೆ ನೀಗುತ್ತದೆ. ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ, ಬಹಳ ವೇಗವಾದ ಸಂಗ್ರಹ ಸಾಧನವೇ ಎಸ್‌ಎಸ್‌ಡಿ.

ಹಂತ 2: ಕಡಿಮೆ ಬೆಲೆಯದು ನಿಜಕ್ಕೂ ಕಡಿಮೆ ಖರ್ಚಿನದೇ ಎಂದು ನೋಡಿಕೊಳ್ಳಿ

ಒಳ್ಳೆಯ ಮನಸ್ಸಿನಿಂದ ಮಾಡುವ ತಪ್ಪುಗಳಲ್ಲಿ ದೊಡ್ಡದು ಈ ಹಂತದಲ್ಲಿ ಆಗುತ್ತದೆ. ಕೊಳ್ಳುವಾಗಿನ ಬೆಲೆ ಬೇರೆ. ಬಳಸುವಷ್ಟು ಕಾಲವೂ ಆಗುವ ಒಟ್ಟು ವೆಚ್ಚ ಬೇರೆ. ವಿದ್ಯುತ್ತು, ರಿಪೇರಿ, ಬಿಡಿಭಾಗ, ಮತ್ತೆ ಮತ್ತೆ ತುಂಬಿಸಬೇಕಾದ ಸಾಮಗ್ರಿ ಎಲ್ಲವೂ ಸೇರಿದ ಈ ಎರಡನೆಯದನ್ನು ‘ಒಡೆತನದ ಒಟ್ಟು ವೆಚ್ಚ’ ಎನ್ನುತ್ತಾರೆ.

ಪ್ರಿಂಟರ್ ಇದಕ್ಕೆ ತಕ್ಕ ಉದಾಹರಣೆ. ತಿಂಗಳಿಗೆ ನಾಲ್ಕೈದು ಪುಟ ಮಾತ್ರ, ಅದೂ ಕಪ್ಪು ಬಿಳುಪಿನಲ್ಲಿ ಮುದ್ರಿಸುವವರಿಗೆ ಕಡಿಮೆ ಬೆಲೆಯ ಇಂಕ್‌ಜೆಟ್ ಪ್ರಿಂಟರ್ ಸಾಕೆಂದು ತೋರಬಹುದು. ಆದರೆ ಇಂಕ್‌ಜೆಟ್‌ನಲ್ಲಿ ದ್ರವ ಶಾಯಿ ಕೂದಲಿಗಿಂತ ಸಣ್ಣ ರಂಧ್ರಗಳಿಂದ ಸಿಡಿಯುತ್ತದೆ; ವಾರಗಟ್ಟಲೆ ಬಳಸದೆ ಬಿಟ್ಟರೆ ಆ ಶಾಯಿ ಒಣಗಿ ರಂಧ್ರ ಕಟ್ಟಿಕೊಳ್ಳುತ್ತದೆ, ಅದನ್ನು ತೊಳೆಯಲು ಯಂತ್ರ ಇನ್ನಷ್ಟು ಶಾಯಿಯನ್ನು ವ್ಯಯಿಸುತ್ತದೆ. ಲೇಸರ್ ಪ್ರಿಂಟರ್ ಬಳಸುವುದು ಟೋನರ್ ಎಂಬ ಪುಡಿ. ಅದು ಒಣಗುವ ಪ್ರಶ್ನೆಯೇ ಇಲ್ಲ. ಆದ್ದರಿಂದ ಅಪರೂಪಕ್ಕೆ ಮುದ್ರಿಸುವ ಈ ಗ್ರಾಹಕರಿಗೆ ಕೊಳ್ಳುವಾಗ ಅಗ್ಗವೆನಿಸಿದ್ದು ಮುಂದೆ ದುಬಾರಿಯಾದೀತು. ಇಲ್ಲಿ ‘ತಕ್ಕ ಆಯ್ಕೆ’ ಎಂದರೆ ಸರಳವಾದ, ಕಪ್ಪು ಬಿಳುಪಿನ ಲೇಸರ್ ಪ್ರಿಂಟರ್. ಬೆಲೆಯಲ್ಲಿ ಅದು ಎಲ್ಲಕ್ಕಿಂತ ಕೆಳಗಿನದಲ್ಲ, ಬಣ್ಣದಲ್ಲಿ ಮುದ್ರಿಸಿ, ನಕಲು ತೆಗೆದು, ಸ್ಕ್ಯಾನ್ ಮಾಡಿಕೊಡುವ ದೊಡ್ಡ ಯಂತ್ರಕ್ಕಿಂತ ಮಾತ್ರ ಬಹಳ ಕಡಿಮೆ.

ಸುರಕ್ಷತೆಗೆ ಸಂಬಂಧಿಸಿದ್ದರಲ್ಲಿ ಬೆಲೆಯ ಮಾತನ್ನು ಬದಿಗಿಡಿ. ಹೆಲ್ಮೆಟ್, ವಿದ್ಯುತ್ ತಂತಿ, ಗ್ಯಾಸ್ ಕೊಳವೆ ಇಂಥವುಗಳಲ್ಲಿ ನಿಗದಿತ ಗುಣಮಟ್ಟದ ಗುರುತು ಇರುವುದನ್ನು ಮಾತ್ರ ತೋರಿಸಿ. ಗುರುತು ಇರುವವುಗಳ ನಡುವೆಯೇ ಬೆಲೆಯ ಹೋಲಿಕೆ ನಡೆಯಲಿ. ಔಷಧಿಯಲ್ಲಂತೂ ಬದಲಿ ಸೂಚಿಸುವುದು ಅರ್ಹ ಔಷಧಜ್ಞರ ಮತ್ತು ವೈದ್ಯರ ಕೆಲಸ.

ಹಂತ 3: ಪದಗಳನ್ನು ಆರಿಸಿಕೊಳ್ಳಿ

ಇಲ್ಲಿ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ, ಏಕೆಂದರೆ ಗ್ರಾಹಕರ ಮನಸ್ಸು ನೋಯುವುದೂ ಉಳಿಯುವುದೂ ಬಹಳ ಸಣ್ಣ ಪದಗಳಲ್ಲಿ, ಕೆಲವೊಮ್ಮೆ ಒಂದು ಪ್ರತ್ಯಯದಲ್ಲಿ.

‘ಅಗ್ಗ’ ಎಂಬ ಪದವನ್ನೇ ತೆಗೆದುಕೊಳ್ಳಿ. ‘ಇದು ಅಗ್ಗವಾಗಿದೆ’ ಎಂದರೆ ಬೆಲೆಯ ಮಾತು. ಅದೇ ಪದ ‘ಅಗ್ಗದ’, ‘ಅಗ್ಗದ್ದು’ ಎಂದಾದ ಕೂಡಲೇ ಗುಣದ ಮಾತಾಗುತ್ತದೆ. ‘ಅಗ್ಗದ ಮಾತು’, ‘ಅಗ್ಗದ ಪ್ರಚಾರ’ ಎನ್ನುವಾಗ ನಾವು ಬೆಲೆಯನ್ನು ನೆನೆಯುವುದೇ ಇಲ್ಲ. ಆದ್ದರಿಂದ ‘ಅಗ್ಗದ್ದು ತೋರಿಸಲೇ?’ ಎಂಬ ವಾಕ್ಯದಲ್ಲಿ ವಸ್ತುವನ್ನೂ ಕೊಳ್ಳುವವರನ್ನೂ ಒಟ್ಟಿಗೆ ಕೆಳಗಿಳಿಸಿದಂತಾಗುತ್ತದೆ. ‘ಬೆಲೆಯೂ ಕಡಿಮೆ’ ಎಂದು ಕೊನೆಯಲ್ಲಿ ಸೇರಿಸಿ. ಅಲ್ಲಿ ಬೆಲೆ ಹಲವು ಕಾರಣಗಳಲ್ಲಿ ಒಂದಾಗಿ ನಿಲ್ಲುತ್ತದೆ. ‘ಕಡಿಮೆ’ ಎಂಬುದು ಬೆಲೆಗೆ ಮಾತ್ರ ಅಂಟಿಕೊಂಡಿರಲಿ, ‘ಕಡಿಮೆ ಮಾಡೆಲ್’, ‘ಕೆಳಗಿನ ಮಾಡೆಲ್’ ಎಂದು ವಸ್ತುವಿಗೆ ಅಂಟದಿರಲಿ. ವಸ್ತುವನ್ನು ವರ್ಣಿಸಲು ‘ಸರಳ’, ‘ಹಗುರ’, ‘ಚಿಕ್ಕ ಅಳತೆಯ’, ‘ಮನೆಬಳಕೆಯ’ ಎಂಬ, ನಿಜವಾಗಿ ಅದಕ್ಕೆ ಸಲ್ಲುವ ಪದಗಳಿವೆ.

‘ಸಾಕು’ ಇನ್ನೊಂದು ಸೂಕ್ಷ್ಮ ಪದ. ನಾನು ಕೌಂಟರಿನಲ್ಲಿ ನಿಂತು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಒಬ್ಬರಿಗೆ ‘ನಿಮಗೆ ಇದು ಸಾಕು’ ಎಂದೆ. ಅವರು ಮರುಮಾತಿಲ್ಲದೆ ದುಬಾರಿಯದನ್ನೇ ಬಿಲ್ ಮಾಡಿಸಿಕೊಂಡು ಹೋದರು. ಸಲಹೆ ಸರಿಯಾಗಿತ್ತು, ‘ನಿಮಗೆ’ ಎಂಬ ಪದ ತಪ್ಪಾಗಿತ್ತು. ‘ನಿಮಗೆ ಇದು ಸಾಕು’ ಎಂದಾಗ ಅಳೆಯಲ್ಪಡುವುದು ಎದುರಿಗಿರುವ ವ್ಯಕ್ತಿ. ‘ಈ ಕೆಲಸಕ್ಕೆ ಇದು ಸಾಕು’ ಎಂದಾಗ ಅಳೆಯಲ್ಪಡುವುದು ಕೆಲಸ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದುಬಾರಿಯದರ ಬಗ್ಗೆಯೇ ‘ನೀವು ಹೇಳಿದ ಕೆಲಸಕ್ಕೆ ಇದು ಹೆಚ್ಚಾಯಿತು’ ಎನ್ನಬಹುದು. ಆಗ ಕಡಿಮೆ ಬೆಲೆಯದರ ಮೇಲೆ ಕೊರತೆಯ ನೆರಳೂ ಬೀಳುವುದಿಲ್ಲ.

ಪ್ರತ್ಯಯಗಳಿಗೂ ಕಿವಿಗೊಡಿ. ‘ಇದೂ ಆಗುತ್ತದೆ’ ಎಂಬಲ್ಲಿನ ಕೊನೆಯ ‘ಊ’ ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡಂತೆ ಕೇಳಿಸುತ್ತದೆ. ‘ಇದೇ ಆಗುತ್ತದೆ’ ಎಂಬಲ್ಲಿನ ‘ಏ’ ತೀರ್ಮಾನದ ಭರವಸೆ ಕೊಡುತ್ತದೆ. ‘ಇದೂ ಪರವಾಗಿಲ್ಲ’ ಎಂದು ಹೇಳಿದಿರೋ, ಆ ವಸ್ತುವನ್ನು ಕಪಾಟಿಗೆ ವಾಪಸು ಇಟ್ಟುಬಿಡಿ. ಮಾರುವವರೇ ಪರವಾಗಿಲ್ಲ ಎಂದಿದ್ದನ್ನು ಯಾರೂ ಸಂತೋಷದಿಂದ ಒಯ್ಯುವುದಿಲ್ಲ.

ಹಾಗೆಯೇ ಕ್ರಿಯಾಪದದ ರೂಪ. ‘ಅಷ್ಟು ಕೊಡೋಕೆ ಆಗದಿದ್ದರೆ’ ಎಂಬುದು ಶಕ್ತಿಯ ಪ್ರಶ್ನೆ, ಅದನ್ನು ಎತ್ತಲೇಬೇಡಿ. ‘ಅಷ್ಟು ಕೊಡಬೇಕಾಗಿಲ್ಲ’ ಎಂಬುದು ಅಗತ್ಯದ ಮಾತು, ಯಾರಿಗೆ ಬೇಕಾದರೂ ಹೇಳಬಹುದು. ‘ಸುಮ್ಮನೆ ದುಡ್ಡು ದಂಡ’ ಎಂಬ ಮಾತು ಸ್ನೇಹಿತರ ನಡುವೆ ಸಹಜ, ಆದರೆ ಗ್ರಾಹಕರು ಆಗಲೇ ಒಂದನ್ನು ಮೆಚ್ಚಿ ಕೈಯಲ್ಲಿ ಹಿಡಿದಿದ್ದರೆ ಅದು ಅವರ ವಿವೇಚನೆಯನ್ನು ಗದರಿದಂತೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಎಷ್ಟೇ ನಿಜವಾದರೂ ಅಂಗಡಿಯಲ್ಲಿ ಬೇಡ. ಗ್ರಾಹಕರ ಹಾಸಿಗೆಯ ಉದ್ದ ನಮಗೆ ಗೊತ್ತಿಲ್ಲ.

ಇಡೀ ಮಾತು ಹೇಗಿರಬಹುದೆಂಬುದಕ್ಕೆ ಒಂದು ಮಾದರಿ. ಗ್ರಾಹಕರು ಗ್ರಾಫಿಕ್ಸ್ ಕಾರ್ಡ್ ಇರುವ, ಅಂದರೆ ಆಟ ಮತ್ತು ವಿಡಿಯೊ ಸಂಕಲನಕ್ಕೆ ಬೇಕಾದ ಪ್ರತ್ಯೇಕ ಚಿತ್ರಸಂಸ್ಕಾರಕ ಇರುವ ಲ್ಯಾಪ್‌ಟಾಪನ್ನು ಕೇಳುತ್ತಿದ್ದಾರೆ. ಅವರ ಕೆಲಸ ಬರವಣಿಗೆ, ಇಮೇಲ್ ಮತ್ತು ಪ್ರಯಾಣ.

‘ನೀವು ಹೇಳಿದ್ದು ಬರವಣಿಗೆ ಮತ್ತು ಇಮೇಲ್; ಓಡಾಟವೂ ಜಾಸ್ತಿ ಅಂದಿರಿ. ಇದರಲ್ಲಿರುವ ಗ್ರಾಫಿಕ್ಸ್ ಕಾರ್ಡ್ ಆಟಕ್ಕೆ, ವಿಡಿಯೊ ಕೆಲಸಕ್ಕೆ ಮಾಡಿದ್ದು. ನಿಮ್ಮ ಕೆಲಸದಲ್ಲಿ ಅದಕ್ಕೆ ಕೆಲಸವೇ ಇರುವುದಿಲ್ಲ, ಭಾರ ಮಾತ್ರ ಹೊರಬೇಕಾಗುತ್ತದೆ. ಇದೋ, ಇದು ಹಗುರ, ಚಾರ್ಜ್ ಹೆಚ್ಚು ಹೊತ್ತು ನಿಲ್ಲುತ್ತದೆ. ಬೆಲೆಯೂ ಕಡಿಮೆ. ಮುಂದೆ ವಿಡಿಯೊ ಸಂಕಲನ ಮಾಡುವ ಯೋಚನೆ ಇದ್ದರೆ ಮಾತ್ರ ಮೊದಲಿನದು ನೋಡಿ.’

ಇದರಲ್ಲಿ ಅವರದೇ ಮಾತು ಮೊದಲು ಬಂದಿದೆ, ಬೆಲೆ ಎರಡೇ ಪದಗಳಲ್ಲಿ ಮುಗಿದಿದೆ, ದುಬಾರಿಯದು ಯಾರಿಗೆ ತಕ್ಕದ್ದು ಎಂಬುದೂ ಗೌರವದಿಂದಲೇ ಹೇಳಲಾಗಿದೆ. ಕೈಯಲ್ಲಿರುವ ಎರಡು ಯಂತ್ರಗಳಿಗೆ ಭಾರ ಮತ್ತು ಚಾರ್ಜಿನ ವಿಷಯದಲ್ಲಿ ಈ ಮಾತು ಸಲ್ಲುತ್ತದೆಯೇ ಎಂದು ನೋಡಿಕೊಂಡೇ ಹೇಳಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಹಂತ 4: ತೋರಿಸುವ ಸಂಖ್ಯೆಯನ್ನೂ ಕ್ರಮವನ್ನೂ ಹಿಡಿತದಲ್ಲಿಡಿ

ಬೆಲೆಯಲ್ಲೂ ಗುಣದಲ್ಲೂ ಬೇರೆಬೇರೆಯಾದ ಮೂರು ವಸ್ತುಗಳನ್ನು ಮುಂದಿಟ್ಟರೆ ಜನ ಸಾಮಾನ್ಯವಾಗಿ ನಡುವಿನ ಬೆಲೆಯದರತ್ತ ವಾಲುತ್ತಾರೆ. ಮಾರುಕಟ್ಟೆ ಸಂಶೋಧಕ ಇತಮಾರ್ ಸೈಮನ್ಸನ್ 1989ರಲ್ಲಿ ವಿವರಿಸಿದ ಈ ಒಲವಿಗೆ ‘ರಾಜಿಯ ಪರಿಣಾಮ’ ಎನ್ನಬಹುದು. ಅದಕ್ಕೂ ಮೊದಲು, 1982ರಲ್ಲಿ, ಜೋಯೆಲ್ ಹ್ಯೂಬರ್, ಜಾನ್ ಪೇಯ್ನ್ ಮತ್ತು ಕ್ರಿಸ್ಟೋಫರ್ ಪುಟೊ ಇನ್ನೊಂದನ್ನು ತೋರಿಸಿದ್ದರು: ಯಾರೂ ಆರಿಸದಂಥ, ಒಂದಕ್ಕಿಂತ ಎಲ್ಲ ರೀತಿಯಲ್ಲೂ ಹಿಂದಿರುವ ಆಯ್ಕೆಯನ್ನು ಪಕ್ಕದಲ್ಲಿಟ್ಟರೆ ಸಾಕು, ಆ ಒಂದರ ಆಕರ್ಷಣೆ ಏರುತ್ತದೆ. ಇಂಥ ತೋರಿಕೆಯ ಆಯ್ಕೆಗೆ ‘ಡಿಕಾಯ್’ ಎನ್ನುತ್ತಾರೆ. ದುಬಾರಿಯದನ್ನು ಮಾರಲು ಈ ಎರಡನ್ನೂ ಧಾರಾಳವಾಗಿ ಬಳಸಲಾಗುತ್ತದೆ. ಕಡಿಮೆ ಬೆಲೆಯದರತ್ತ ತಿರುಗಿಸಲಿಕ್ಕೂ ಬಳಸಬಹುದಲ್ಲವೇ ಎಂದು ಕೆಲವರು ಕೇಳಿದ್ದಾರೆ. ಬೇಡವೆಂಬುದೇ ನನ್ನ ಖಚಿತ ಅಭಿಪ್ರಾಯ. ತಂತ್ರದಿಂದ ಒಪ್ಪಿಸಿದ ಸಲಹೆ, ಎಷ್ಟೇ ಹಿತವಾದದ್ದಾದರೂ, ಸಲಹೆಯಾಗಿ ಉಳಿಯುವುದಿಲ್ಲ.

ಎರಡನ್ನು ಮಾತ್ರ ಮುಂದಿಡಿ: ಅವರು ಕೇಳಿದ್ದು, ನೀವು ತಕ್ಕದ್ದೆಂದು ಭಾವಿಸುವುದು. ಅವರು ಕೇಳಿದ್ದನ್ನು ತೋರಿಸದೆ ಮರೆಮಾಡಬೇಡಿ. ಕೇಳಿದ್ದು ಇದ್ದೂ ಇಲ್ಲವೆಂದು ಹೇಳಿ ಬೇರೆಯದನ್ನು ಕೊಡುವುದು ‘ಬೈಟ್ ಅಂಡ್ ಸ್ವಿಚ್’ ಎಂಬ ಮೋಸದ ದಾರಿಗೆ ಹತ್ತಿರದ್ದು. ಕಡಿಮೆ ಬೆಲೆಯದನ್ನು ಜಾಹೀರಾತಿನಲ್ಲಿ ತೋರಿಸಿ, ಬಂದವರಿಗೆ ದುಬಾರಿಯದನ್ನು ಕಟ್ಟುವುದಕ್ಕೆ ಆ ಹೆಸರಿದೆ, ಹಲವು ದೇಶಗಳ ಗ್ರಾಹಕ ಕಾನೂನು ಅದನ್ನು ನಿಷೇಧಿಸಿದೆ.

ಹಂತ 5: ಕೊರತೆಯನ್ನು ನೀವೇ ಮೊದಲು ಹೇಳಿ

ಕಡಿಮೆ ಬೆಲೆಯದರಲ್ಲಿ ಏನಿಲ್ಲ ಎಂಬುದನ್ನು ಬಿಲ್ ಮಾಡುವ ಮೊದಲೇ, ಒಂದೇ ವಾಕ್ಯದಲ್ಲಿ, ಮೃದುಗೊಳಿಸದೆ ಹೇಳಿ: ‘ಇದರಲ್ಲಿ ಬಿಸಿನೀರಿನ ಸೌಲಭ್ಯ ಇಲ್ಲ’, ‘ಇದರ ವಾರಂಟಿ ಒಂದೇ ವರ್ಷ’, ‘ಇದಕ್ಕೆ ಮೆಮೊರಿ ಕಾರ್ಡ್ ಹಾಕಲು ಬರುವುದಿಲ್ಲ’. ವ್ಯತ್ಯಾಸವೇ ಇಲ್ಲದಿದ್ದಾಗ ಅದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿ. ಟಿವಿಗೆ ಜೋಡಿಸುವ ಎಚ್‌ಡಿಎಂಐ ಕೇಬಲ್ ಸಾಗಿಸುವುದು ಡಿಜಿಟಲ್ ಸಂಕೇತವನ್ನು. ಸೆಕೆಂಡಿಗೆ 60 ಚೌಕಟ್ಟುಗಳ 4ಕೆ ಚಿತ್ರಕ್ಕೆ ಸೆಕೆಂಡಿಗೆ 18 ಗಿಗಾಬಿಟ್ ಮಾಹಿತಿ ಸಾಗಿಸುವ ಕೇಬಲ್ ಬೇಕು. ಆ ವೇಗಕ್ಕೆ ಪ್ರಮಾಣಪತ್ರ ಪಡೆದ ಒಂದೆರಡು ಮೀಟರಿನ ಸಾಮಾನ್ಯ ಕೇಬಲ್ಲೂ ಚಿನ್ನದ ಲೇಪದ ದುಬಾರಿ ಕೇಬಲ್ಲೂ ಒಂದೇ ಚಿತ್ರವನ್ನು ತೋರಿಸುತ್ತವೆ. ಇಲ್ಲಿ ‘ಇದೂ ಚೆನ್ನಾಗಿದೆ’ ಎನ್ನುವ ಸಂಕೋಚ ಏಕೆ? ‘ಎರಡರಲ್ಲೂ ಚಿತ್ರ ಒಂದೇ’ ಎಂದು ನೇರವಾಗಿ ಹೇಳಿ.

ಹಂತ 6: ಜೊತೆಗಿರುವವರನ್ನು ಗಮನಿಸಿ, ಆಮೇಲೆ ಸುಮ್ಮನಿರಿ

ಗ್ರಾಹಕರ ಜೊತೆ ಮಕ್ಕಳೋ ಬೀಗರೋ ಸಹೋದ್ಯೋಗಿಗಳೋ ಇದ್ದಾಗ ಹಣದ ಮಾತಿನ ತೂಕ ಹೆಚ್ಚುತ್ತದೆ. ಆಗ ಬೆಲೆಯನ್ನು ಬಾಯಲ್ಲಿ ಹೇಳದೆ ಚೀಟಿಯತ್ತ ಬೆರಳು ತೋರಿಸಿದರೂ ಸಾಕು. ಬಳಕೆಯ ಕಾರಣವನ್ನು ಮಾತ್ರ ಗಟ್ಟಿಯಾಗಿ ಹೇಳಿ.

ಸಲಹೆಯನ್ನು ಒಮ್ಮೆ ಹೇಳಿದ ಮೇಲೆ ಮತ್ತೆ ಒತ್ತಬೇಡಿ. ಅವರು ದುಬಾರಿಯದನ್ನೇ ಬಯಸಿದರೆ ಅದಕ್ಕೆ ನಿಮಗೆ ಹೇಳದ ಕಾರಣಗಳಿರಬಹುದು: ಉಡುಗೊರೆ, ಬಹುಕಾಲದ ಆಸೆ, ಮುಂದಿನ ವರ್ಷದ ಯಾವುದೋ ಯೋಜನೆ. ‘ಸರಿ, ಇದು ಒಳ್ಳೆಯ ಆಯ್ಕೆ’ ಎನ್ನಿ, ಮುಖದಲ್ಲೂ ಅದೇ ಇರಲಿ.

ಹಂತ 7: ಬರಹದಲ್ಲಿ ಹೇಳುವಾಗ

ಆನ್‌ಲೈನ್ ಮಾರಾಟದಲ್ಲಿ ನಿಮ್ಮ ದನಿ ಕೇಳುವುದಿಲ್ಲ, ಬರಿ ಪದಗಳೇ ಉಳಿಯುತ್ತವೆ. ಹೋಲಿಕೆಯ ಪಟ್ಟಿಯಲ್ಲಿ ಸರಳ ಮಾದರಿಯ ಕೆಳಗೆ ‘ಇಲ್ಲ, ಇಲ್ಲ, ಇಲ್ಲ’ ಎಂದೋ ಕೆಂಪು ಗುರುತುಗಳನ್ನೋ ತುಂಬಿದರೆ ಅದನ್ನು ಕೊಳ್ಳಲು ಯಾರ ಮನಸ್ಸೂ ಬಾರದು. ಪಟ್ಟಿಯ ಮೊದಲ ಸಾಲಿನಲ್ಲಿ ‘ಯಾರಿಗೆ ತಕ್ಕದ್ದು’ ಎಂದು ಬರೆಯಿರಿ: ‘ದಿನಕ್ಕೆ ಒಂದೆರಡು ಗಂಟೆ ಬಳಸುವವರಿಗೆ’, ‘ದಿನವಿಡೀ ಬಳಸುವವರಿಗೆ’. ಓದುವವರು ತಮ್ಮ ಸಾಲನ್ನು ತಾವೇ ಹುಡುಕಿಕೊಳ್ಳುತ್ತಾರೆ. ಸಂದೇಶದಲ್ಲಿ ಉತ್ತರಿಸುವಾಗ ‘ನೀವು ಕೇಳಿದ್ದು ನಮ್ಮಲ್ಲಿದೆ’ ಎಂಬುದೇ ಮೊದಲ ವಾಕ್ಯವಾಗಿರಲಿ, ಸಲಹೆ ಎರಡನೆಯದು.

ಹಂತ 8: ಮಾರಿದ ಮೇಲೆ

ಕಡಿಮೆ ಬೆಲೆಯದನ್ನು ನಿಮ್ಮ ಮಾತಿನ ಮೇಲೆ ಕೊಂಡವರು, ಅದು ಸಾಲದಾದಾಗ ನಿಮ್ಮನ್ನೇ ಕೇಳುತ್ತಾರೆ, ಕೇಳುವ ಹಕ್ಕೂ ಅವರಿಗಿದೆ. ಆದ್ದರಿಂದ ಬಿಲ್ಲಿನ ಹಿಂಬದಿಯಲ್ಲಿ ಬದಲಾಯಿಸಿಕೊಳ್ಳಲು ಎಷ್ಟು ದಿನ ಅವಕಾಶ ಇದೆ ಎಂಬುದನ್ನೂ ಅವರು ಹೇಳಿದ ಬಳಕೆಯನ್ನೂ ಒಂದು ಸಾಲಿನಲ್ಲಿ ಬರೆದುಕೊಡಿ. ಅವರು ಹಿಂತಿರುಗಿದರೆ ‘ಆಗಲೇ ಹೇಳಿದ್ದೆನಲ್ಲ’ ಎಂದು ಶುರು ಮಾಡಬೇಡಿ. ‘ಯಾವ ಕೆಲಸದಲ್ಲಿ ಸಾಲದಾಯಿತು?’ ಎಂದು ಕೇಳಿ, ಮೊದಲ ಹಂತದ ಪ್ರಶ್ನೆಗಳಿಂದ ಮತ್ತೆ ತೊಡಗಿ. ವ್ಯತ್ಯಾಸದ ಹಣವನ್ನಷ್ಟೇ ಪಡೆದು ದೊಡ್ಡದನ್ನು ಕೊಡಲು ಸಾಧ್ಯವಿದ್ದರೆ ಆ ಮಾತನ್ನು ಅವರು ಕೇಳುವ ಮೊದಲೇ ನೀವು ಹೇಳಿ.